ಬರಗಾಲದ ಛಾಯಾಚಿತ್ರಗಳು

ಕಣ್ಣೆದುರಿಗೆ ದುಃಖವಿದ್ದ ಮಾತ್ರಕ್ಕೆ ಕರುಣರಸ ಹುಟ್ಟುವುದಿಲ್ಲವೆಂಬುದು ನಮ್ಮ ಆಲಂಕಾರಿಕರು ಬಹು ಹಿಂದೆಯೇ ಕಂಡುಕೊಂಡ ಸಂಗತಿ. ಶೋಕವೆಂಬ ಸ್ಥಾಯಿಭಾವ ಕರುಣವಾಗಿ ಪಾಕಗೊಳ್ಳಬೇಕಾದರೆ ಅದಕ್ಕೆ ವಿಭಾವ ಬೇಕು. ಎಂದರೆ, ಯಾರಿಗೆ, ಯಾತರಿಂದ, ಎಂಥ ಸನ್ನಿವೇಶದಲ್ಲಿ ಈ ದುಃಖ ಒದಗಿತೆಂಬುದು ನೋಡುವವನ ಮನಸ್ಸಿಗೆ ಗೋಚರವಾಗಬೇಕು. ಅದಿಲ್ಲದೆ ಬರಿಯ ಬಡಕಲು ಮೈಯೊಂದನ್ನು ತಂದು ಎದುರಿಗೆ ನಿಲ್ಲಿಸಿದರೆ ನಮಗಾಗುವುದು ಜುಗುಪ್ಸೆ, ಹೆಚ್ಚೆಂದರೆ ಭಯ. ಕಾವ್ಯಕ್ಕೂ ನಾಟಕಕ್ಕೂ ಹೇಳಿದ ಈ ಮಾತು ಛಾಯಾಚಿತ್ರಕ್ಕೆ ಎಷ್ಟರಮಟ್ಟಿಗೆ ಸಲ್ಲುತ್ತದೆ? ತರಗತಿಯಲ್ಲಿ ರಸಪ್ರಕರಣವನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ನನಗೆ ಹಲವು ಸಲ ಹಾಕಿದ್ದಾರೆ. ಕವಿಗೆ ಹಿಂದಿನದನ್ನೂ ಮುಂದಿನದನ್ನೂ ಹೇಳಲು ಅವಕಾಶವುಂಟು. ಕ್ಯಾಮೆರಾಕ್ಕೆ ಇರುವುದು ಒಂದು ಕ್ಷಣ. ಆ ಒಂದು ಕ್ಷಣದೊಳಗೆ ಕಥೆ ಹಿಡಿಸುವುದೆಂತು?

ಇದಕ್ಕೆ ಉತ್ತರವನ್ನು ತರ್ಕದಲ್ಲಿ ಹುಡುಕುವುದಕ್ಕಿಂತ ಚರಿತ್ರೆಯಲ್ಲಿ ಹುಡುಕುವುದು ಮೇಲೆಂದು ನನ್ನ ಭಾವನೆ. ನಮ್ಮ ನಾಡನ್ನೇ ಸುಟ್ಟ ಒಂದು ಬರಗಾಲದ ಛಾಯಾಚಿತ್ರಗಳು ಇಂದಿಗೂ ಉಳಿದಿವೆ. ಅವು ಇರುವುದು ಲಂಡನ್ನಿನ ವೆಲ್‌ಕಮ್ ಸಂಗ್ರಹದಂಥ ಕಡೆಗಳಲ್ಲಿ; ಆದರೆ ಇತ್ತೀಚಿನ ವರ್ಷಗಳಲ್ಲಿ ಅವುಗಳ ಪ್ರತಿಗಳನ್ನು ಮನೆಯಲ್ಲಿ ಕುಳಿತೇ ನೋಡುವ ಅನುಕೂಲ ಒದಗಿದೆ. ಅನುಕೂಲವೆಂದು ಬರೆದೆ, ಆದರೆ ಒಂದು ಸಲ ನೋಡಿದವನಿಗೆ ಆ ರಾತ್ರಿ ಊಟ ಸೇರುವುದು ಕಷ್ಟ.

ಧಾತು ಸಂವತ್ಸರವೆಂದರೆ ೧೮೭೬-೭೭, ಈಶ್ವರವೆಂದರೆ ೧೮೭೭-೭೮. ಎರಡನ್ನೂ ಕೂಡಿಸಿ ಧಾತು-ಈಶ್ವರದ ಬರವೆಂದು ಹಳೆಯ ಮೈಸೂರಿನವರು ಕರೆದರು. ೧೮೭೬ರಲ್ಲಿ ಮುಂಗಾರೂ ಹಿಂಗಾರೂ ಎರಡೂ ಕೈಕೊಟ್ಟವು. ಮೈಸೂರು, ಬಳ್ಳಾರಿ, ಧಾರವಾಡ, ಅಂದು ಕಲಾದಗಿ ಜಿಲ್ಲೆಯೆನಿಸಿದ್ದ ವಿಜಾಪುರದ ಸೀಮೆ, ತಮಿಳು ಮತ್ತು ತೆಲುಗು ಜಿಲ್ಲೆಗಳು, ಎಲ್ಲವೂ ಒಟ್ಟಿಗೇ ಬಿದ್ದವು. ಮೈಸೂರು ಸಂಸ್ಥಾನದ ಜನಗಣತಿಯನ್ನು ನೋಡಿದರೆ ಸಾಕು: ೧೮೭೧ರಲ್ಲಿ ೫೦,೫೫,೪೧೨ ಮಂದಿ, ಹತ್ತು ವರ್ಷಗಳ ಮೇಲೆ, ೧೮೮೧ರಲ್ಲಿ, ೪೧,೮೬,೧೮೮. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂಮುಕ್ಕಾಲು ಲಕ್ಷದಷ್ಟು ಕುಗ್ಗಿತು. ಅದೇ ವರ್ಷಗಳಲ್ಲಿ ಹಿಂದೂಸ್ಥಾನದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ೧೮೭೭ರ ಜನವರಿ ೧ರಂದು ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿ ಲಿಟ್ಟನ್ ಸಾಹೇಬರು ದಿಲ್ಲಿಯಲ್ಲಿ ದರ್ಬಾರು ನಡೆಸಿದರು.

ಬರಪರಿಹಾರದ ಖರ್ಚು ಮಿತಿಮೀರಬಾರದೆಂದು ವೈಸರಾಯರು ಸರ್ ರಿಚರ್ಡ್ ಟೆಂಪಲ್ಲರನ್ನು ದಕ್ಷಿಣಕ್ಕೆ ಕಳುಹಿಸಿದರು. ದಿನವೆಲ್ಲ ಕಲ್ಲು ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯ, ಮೇಲೆ ಒಂದಾಣೆ ಸಾಕೆಂದು ಅವರು ಗೊತ್ತುಮಾಡಿದರು. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಮೆ. ಮದರಾಸಿನ ಆರೋಗ್ಯ ಶಾಖೆಯ ಮುಖ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದು ನಿಧಾನವಾಗಿ ಕೊಲ್ಲುವ ಅಳತೆಯೆಂದು ಬಲವಾಗಿ ವಾದಿಸಿದರು. ತಿಂಗಳುಗಟ್ಟಲೆ ಕಾಗದಪತ್ರಗಳು ಓಡಾಡಿ, ೧೮೭೭ರ ನಡುವಿನಲ್ಲಿ ಮದರಾಸು ಸರಕಾರ ಕೂಲಿಯನ್ನು ಏರಿಸಿತು. ಕೆಲಸ ಮಾಡಲಾರದ ವೃದ್ಧರು, ರೋಗಿಗಳು, ಎಳೆಯ ಮಕ್ಕಳು ಇವರಿಗೆ ಮಾತ್ರ ದುಡಿಮೆಯಿಲ್ಲದೆ ಗಂಜಿ. ಈ ಎರಡು ವರ್ಗಗಳ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಛಾಯಾಚಿತ್ರಗಳನ್ನು ಅರ್ಥಮಾಡಿಕೊಳ್ಳಲು ಅದು ಬೇಕಾಗುತ್ತದೆ.

ಈ ಚಿತ್ರಗಳನ್ನು ತೆಗೆದವನು ವಿಲೋಬಿ ವಾಲೇಸ್ ಹೂಪರ್ (೧೮೩೭-೧೯೧೨), ಮದರಾಸು ಅಶ್ವದಳದ ಅಧಿಕಾರಿ. ವೃತ್ತಿಯಿಂದ ಸೈನಿಕ, ಹವ್ಯಾಸದಿಂದ ಛಾಯಾಗ್ರಾಹಕ. ಹವ್ಯಾಸವೆಂದರೆ ಸಾಮಾನ್ಯ ಹವ್ಯಾಸವಲ್ಲ. ಅಂದಿನ ಕೊಲೋಡಿಯನ್ ವಿಧಾನದಲ್ಲಿ ಗಾಜಿನ ಹಲಗೆಗೆ ಮದ್ದು ಸವರಿ, ಅದು ಒಣಗುವುದರೊಳಗೆ ಚಿತ್ರ ಹಿಡಿದು, ಒಣಗುವುದರೊಳಗೆ ಕತ್ತಲೆಯ ಡೇರೆಯಲ್ಲಿ ತೊಳೆದು ಮುಗಿಸಬೇಕು. ದಕ್ಷಿಣದ ಬಿಸಿಲಿನಲ್ಲಿ ಇದಕ್ಕೆ ಸಿಗುವ ಕಾಲ ಕೆಲವೇ ನಿಮಿಷ. ಮುಕ್ಕಾಲಿಯ ಮೇಲಿಟ್ಟ ದೊಡ್ಡ ಪೆಟ್ಟಿಗೆ, ಗಾಜುಗಳು, ಸೀಸೆಗಳು, ಡೇರೆ, ಇವನ್ನು ಹೊರುವ ಆಳುಗಳು. ಚಿತ್ರ ಹಿಡಿಯುವಾಗ ಎದುರಿಗಿದ್ದವರು ಅಲುಗದೆ ಇರಬೇಕು. ಆದ್ದರಿಂದ ಹೂಪರ್ ದಾರಿಯಲ್ಲಿ ಹೋಗುತ್ತ ಅಕಸ್ಮಾತ್ತಾಗಿ ಕಂಡದ್ದನ್ನು ಸೆರೆಹಿಡಿದನೆಂದು ಯಾರೂ ತಿಳಿಯಬೇಕಾಗಿಲ್ಲ. ಆ ಜನರನ್ನು ಕೂಡಿಸಿ, ಸಾಲಾಗಿ ಕೂರಿಸಿ, ನಿಲ್ಲಲಾರದವರನ್ನು ಒರಗಿಸಿ, ಅಲುಗಬೇಡಿರೆಂದು ಹೇಳಿ ತೆಗೆದ ಚಿತ್ರಗಳು ಇವು.

ಚಿತ್ರಗಳಲ್ಲಿ ಇರುವುದೇನು? ಎಲುಬಿನ ಗೂಡುಗಳು. ಪಕ್ಕೆಲುಬನ್ನು ಎಣಿಸಬಹುದು, ಮೊಣಕಾಲು ತೊಡೆಗಿಂತ ದಪ್ಪ. ಐದಾರು ಮಂದಿ, ಕೆಲವೊಮ್ಮೆ ಹತ್ತು ಮಂದಿ. ಗಂಡಸರು, ಹೆಂಗಸರು, ತಲೆಯೇ ಭಾರವಾಗಿ ಕಾಣುವ ಕೂಸುಗಳು. ಹಿಂದೆ ಬರಿಯ ಬಯಲು ಅಥವಾ ಬೋಳುಗೋಡೆ. ಮನೆಯಿಲ್ಲ, ಹೊಲವಿಲ್ಲ, ಬತ್ತಿದ ಕೆರೆಯಿಲ್ಲ, ಧಾನ್ಯದ ಅಂಗಡಿಯಿಲ್ಲ, ಗಂಜಿಯ ಕಡಾಯಿ ಕೂಡ ಇಲ್ಲ. ಯಾವ ಊರಿನವರು, ಏನು ಕಸುಬಿನವರು, ಎಷ್ಟು ದೂರ ನಡೆದು ಬಂದರು, ಒಬ್ಬರಿಗೊಬ್ಬರು ಏನಾಗಬೇಕು ಎಂಬುದೊಂದೂ ತಿಳಿಯುವಂತಿಲ್ಲ. ಪಕ್ಕದಲ್ಲಿ ಕುಳಿತ ಮಗು ಆಕೆಯದೋ ಮತ್ತಾರದೋ! ಪಟದ ಸ್ಫುಟತೆಗೆ ಮಾತ್ರ ಕೊರತೆಯಿಲ್ಲ. ಚರ್ಮದ ಸುಕ್ಕೆಲ್ಲ ಕಾಣುತ್ತದೆ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಅನುಭಾವವಿದೆ, ವಿಭಾವವಿಲ್ಲ.

ಈ ಚಿತ್ರಗಳಲ್ಲೊಂದಕ್ಕೆ ಇಂಗ್ಲಿಷಿನಲ್ಲಿ ಕೊಟ್ಟಿರುವ ಹೆಸರನ್ನು ಕನ್ನಡಿಸಿದರೆ ‘ಧರ್ಮಾರ್ಥ ಪರಿಹಾರಕ್ಕೆ ಅರ್ಹವಾದ ವಸ್ತುಗಳು’ ಎಂದಾಗುತ್ತದೆ. ಅಂದಿನ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ‘ಪಾತ್ರರು’ ಎಂಬ ಅರ್ಥವೂ ಉಂಟು, ವಸ್ತುವೆಂದೇ ಹಿಡಿಯುವುದು ಅನ್ಯಾಯವೆಂದು ಇಂಗ್ಲಿಷ್ ಬಲ್ಲವರು ಆಕ್ಷೇಪಿಸಬಹುದು. ಒಪ್ಪಿದೆ. ಆದರೆ ‘ಅರ್ಹ’ ಎಂಬ ಶಬ್ದ ಎಲ್ಲಿಂದ ಬಂದಿತು? ಅದು ಬರಪರಿಹಾರ ಇಲಾಖೆಯ ದಫ್ತರಿನ ಶಬ್ದ. ಮಣ್ಣು ಹೊರಬಲ್ಲವನಿಗೆ ಕೆಲಸ, ಹೊರಲಾರದವನಿಗೆ ಗಂಜಿ; ಹೊರಲಾರನೆಂಬುದನ್ನು ಮೈಯಿಂದಲೇ ಸಾಬೀತುಪಡಿಸಬೇಕು. ಹೂಪರನ ಪಟ ಆ ಸಾಬೀತಿನ ಕಾಗದದಂತಿದೆ. ಇಷ್ಟು ಸೊರಗಿದ್ದಾರೆ, ಆದ್ದರಿಂದ ಇವರು ಅರ್ಹರು. ಇದೂ ಒಂದು ಕಥೆಯೇ. ಆದರೆ ಕುಳಿತವರ ಕಥೆಯಲ್ಲ, ಅಳೆಯುವವನ ಕಥೆ.

ಹೂಪರನಿಗೆ ಚಿತ್ರದಲ್ಲಿ ಕಥೆ ಹೇಳುವ ವಿದ್ಯೆ ತಿಳಿಯದೆಂದು ಮಾತ್ರ ಹೇಳುವಂತಿಲ್ಲ. ಬರಕ್ಕೆ ಕೆಲವು ವರ್ಷ ಮುಂಚೆ ಆತ ವೆಸ್ಟರ್ನ್ ಎಂಬ ಜೊತೆಗಾರನೊಡನೆ ಸೇರಿ ಹುಲಿಬೇಟೆಯ ಒಂದು ಚಿತ್ರಮಾಲೆಯನ್ನು ಮಾಡಿದ್ದ. ಬೇಟೆಯ ಆರಂಭದಿಂದ ಕೊಂದ ಹುಲಿಯನ್ನು ಬಿಡಾರಕ್ಕೆ ಸಾಗಿಸುವವರೆಗೆ ಒಂದರ ಮುಂದೊಂದು ಘಟನೆ. ನೋಡುತ್ತ ಹೋದರೆ ನಾಟಕದ ಅಂಕಗಳಂತೆ ಸಾಗುತ್ತದೆ. ಅಂದಿನ ಕ್ಯಾಮೆರಾಕ್ಕೆ ನೆಗೆಯುವ ಹುಲಿಯನ್ನು ಹಿಡಿಯುವ ಶಕ್ತಿಯಿರಲಿಲ್ಲವಾಗಿ ಸತ್ತ ಹುಲಿಯನ್ನೇ ಜೋಡಿಸಿ ನಿಲ್ಲಿಸಿ ತೆಗೆದದ್ದು. ಅಲ್ಲಿ ಕಾಡಿದೆ, ಆನೆಯಿದೆ, ಆಳುಗಳಿದ್ದಾರೆ, ಬೇಟೆ ಮುಗಿದ ಮೇಲಿನ ಆಯಾಸ ಕೂಡ ಇದೆ. ಸತ್ತ ಹುಲಿಗೆ ಆದಿ ಮಧ್ಯ ಅಂತ್ಯಗಳಿರುವ ಕಥೆಯನ್ನು ಕಟ್ಟಿಕೊಟ್ಟ ಈ ಜಾಣ, ಬದುಕಿದ್ದ ಮನುಷ್ಯರಿಗೆ ಒಂದು ಹಿನ್ನೆಲೆಯನ್ನೂ ಕೊಡಲಿಲ್ಲ. ಬೇಟೆಯ ಕಥೆಗೆ ನಾಯಕ ಸಾಹೇಬನೇ ಆಗಿದ್ದನಷ್ಟೆ; ಬರದ ಕಥೆಯಲ್ಲಿ ಸಾಹೇಬನಿಗೆ ನಾಯಕನ ಪಾತ್ರ ಒಪ್ಪುವಂತಿರಲಿಲ್ಲ.

ಹೂಪರನ ಹೆಸರು ಜಗತ್ತಿಗೆಲ್ಲ ತಿಳಿದದ್ದು ಬರದ ಚಿತ್ರಗಳಿಂದಲೂ ಅಲ್ಲ. ೧೮೮೬ರಲ್ಲಿ, ಬರ್ಮಾ ಯುದ್ಧವಾದ ಮೇಲೆ, ಮಂಡಾಲೆಯಲ್ಲಿ ಕೈದಿಗಳನ್ನು ಗುಂಡಿಟ್ಟು ಕೊಲ್ಲುವಾಗ ಆತ ಸೈನ್ಯದ ದಂಡಾಧಿಕಾರಿಯಾಗಿದ್ದ. ಗುಂಡು ತಗಲುವ ಕ್ಷಣವೇ ಪಟದಲ್ಲಿ ಬರಬೇಕೆಂದು ಕ್ಯಾಮೆರಾ ಸಿದ್ಧಮಾಡಿಕೊಂಡು, ಅದಕ್ಕೆ ಹೊಂದುವಂತೆ ಗುಂಡಿನ ಆಜ್ಞೆಯನ್ನು ತಡೆಹಿಡಿಸಿದನೆಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರ ವರದಿ ಮಾಡಿದ. ಪಾರ್ಲಿಮೆಂಟಿನಲ್ಲಿ ಪ್ರಶ್ನೆಗಳೆದ್ದವು, ವಿಚಾರಣೆ ನಡೆಯಿತು, ಹೂಪರನಿಗೆ ಛೀಮಾರಿಯಾಯಿತು. ಬರದ ಚಿತ್ರಗಳನ್ನು ನೋಡಿದವರಿಗೆ ಇದು ಹೊಸತೆನಿಸುವುದಿಲ್ಲ. ಕುಳಿತವರ ಕಾಲಕ್ಕಿಂತ ಗಾಜಿನ ಹಲಗೆಯ ಕಾಲವೇ ಮುಖ್ಯವಾದದ್ದು ಎರಡು ಕಡೆಯೂ ಒಂದೇ.

ಇಷ್ಟಾದರೂ ಒಂದು ಮಾತನ್ನು ಹೇಳದಿದ್ದರೆ ಚರಿತ್ರೆಗೆ ಅಪಚಾರವಾದೀತು. ಬರದ ಚಿತ್ರಗಳು ಇಂಗ್ಲೆಂಡಿನ ಜನರ ಮನಸ್ಸನ್ನು ತಟ್ಟಿದ್ದು ನಿಜ. ಪತ್ರಿಕೆಯಲ್ಲಿ ಛಾಯಾಚಿತ್ರವನ್ನು ನೇರವಾಗಿ ಅಚ್ಚುಹಾಕುವ ವಿದ್ಯೆ ಆಗ ಬಂದಿರಲಿಲ್ಲ. ಕುಶಲಿಗಳು ಮರದಲ್ಲಿ ಕೊರೆದ ಅಚ್ಚುಗಳೇ ಗತಿ. ೧೮೭೭ರ ಅಕ್ಟೋಬರಿನಲ್ಲಿ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದಿದ್ದ ಜನರ ಚಿತ್ರವನ್ನೂ, ‘ಗ್ರಾಫಿಕ್’ ಪತ್ರಿಕೆ ಬಳ್ಳಾರಿಯ ಜನ-ದನಗಳ ದುರವಸ್ಥೆಯ ಚಿತ್ರವನ್ನೂ ಪ್ರಕಟಿಸಿದುವು. ಲಂಡನ್ನಿನ ಮೇಯರರು ತೆರೆದ ನಿಧಿಗೆ ಐದು ಲಕ್ಷ ಪೌಂಡಿಗೂ ಮಿಕ್ಕಿ ಹಣ ಕೂಡಿತು. ಸ್ವಾರಸ್ಯವೆಂದರೆ, ಮರದಚ್ಚಿನ ಚಿತ್ರಗಳಲ್ಲಿ ಹೂಪರನ ಪಟಗಳಲ್ಲಿಲ್ಲದ ವಿಭಾವವುಂಟು! ಬೆಂಗಳೂರೆಂಬ ಊರಿದೆ, ಬಳ್ಳಾರಿಯೆಂಬ ಸೀಮೆಯಿದೆ, ಕಾಯುವಿಕೆಯಿದೆ, ದನವಿದೆ. ಯಂತ್ರ ಬಿಟ್ಟದ್ದನ್ನು ಉಳಿ ತುಂಬಿಕೊಟ್ಟಿತು.

ನಮ್ಮ ಕಡೆಯ ನೆನಪಿನಲ್ಲಿ ಉಳಿದಿರುವುದೂ ಇಂಥ ಸನ್ನಿವೇಶಗಳೇ ಹೊರತು ಎಲುಬುಗಳಲ್ಲ. ನಮ್ಮಜ್ಜಿಗೆ ಅವರ ಅಜ್ಜಿ ಹೇಳಿದ್ದಂತೆ, ಧಾತು-ಈಶ್ವರದಲ್ಲಿ ಮನೆಯ ಹಿತ್ತಾಳೆಯ ಹಂಡೆಯನ್ನು ಕೊಟ್ಟು ಒಂದು ಮೊರದ ರಾಗಿ ತಂದರಂತೆ; ಹಂಡೆ ಹೋದದ್ದಕ್ಕೆ ಯಾರೂ ಅಳಲಿಲ್ಲ, ದಾರಿಯಲ್ಲಿ ಹಿಡಿ ರಾಗಿ ಚೆಲ್ಲಿದ್ದಕ್ಕೆ ಅತ್ತರಂತೆ. ತಟ್ಟೆಯಲ್ಲಿ ಅನ್ನ ಬಿಟ್ಟ ಮಕ್ಕಳಿಗೆ ಅಜ್ಜಿ ಈ ಮಾತನ್ನು ಹೇಳುತ್ತಿದ್ದುದು. ಆ ಚೆಲ್ಲಿದ ರಾಗಿಯ ಫೋಟೋ ಯಾರೂ ತೆಗೆದಿಲ್ಲ. ಆದರೆ ನಾನು ಅದನ್ನು ನೋಡಿದ್ದೇನೆಂದೇ ಅನ್ನಿಸುತ್ತದೆ.

ಮುಂದಿನ ಕೆಲವು ದಶಕಗಳನ್ನು ಬೇಗ ದಾಟಿಬಿಡುತ್ತೇನೆ. ೧೮೮೦ರ ಮಾರ್ಚಿನಲ್ಲಿ ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಪತ್ರಿಕೆ ಚುಕ್ಕೆಗಳ ಅಚ್ಚಿನಲ್ಲಿ ಛಾಯಾಚಿತ್ರವೊಂದನ್ನು ನೇರವಾಗಿ ಮುದ್ರಿಸಿತು. ದಿನಪತ್ರಿಕೆಯಲ್ಲಿ ಹಾಗೆ ಬಂದ ಮೊದಮೊದಲಿನ ಆ ಚಿತ್ರವೂ ಬಡವರ ಗುಡಿಸಲುಗಳದ್ದೇ ಆಗಿತ್ತು. ನಮ್ಮ ದೇಶದಲ್ಲಿ ಅದೇ ವರ್ಷ ಕ್ಷಾಮ ಆಯೋಗದ ವರದಿ ಬಂದಿತು. ಅದರಿಂದ ಕ್ಷಾಮಸಂಹಿತೆಗಳು ಹುಟ್ಟಿದವು. ಕ್ಷಾಮವೆಂದು ಸರಕಾರ ಘೋಷಿಸಿದ ಕೂಡಲೆ ಇಂತಿಂಥ ಪರಿಹಾರಗಳನ್ನು ಕೊಡತಕ್ಕದ್ದು ಎಂದು ಅವುಗಳಲ್ಲಿ ವಿಧಿಸಲಾಯಿತು. ಧಾತು-ಈಶ್ವರದಲ್ಲಿ ಸತ್ತವರು ಬಿಟ್ಟುಹೋದ ಆಸ್ತಿಯೆಂದರೆ ಅದೊಂದೇ. ಅದರಲ್ಲಿ ಒಂದು ಕಿಂಡಿಯೂ ಉಳಿದಿತ್ತು: ಘೋಷಿಸದಿದ್ದರೆ?

ಹೆಸರು ಕೇಳದೆ ತೆಗೆದ ಚಿತ್ರಕ್ಕೆ ಏನಾಗುತ್ತದೆಂಬುದಕ್ಕೆ ಬಂಗಾಳಕ್ಕೆ ಹೋಗುವ ಮುನ್ನ ಅಮೆರಿಕದ ಒಂದು ಉದಾಹರಣೆ. ೧೯೩೬ರಲ್ಲಿ ಡೊರೊತಿಯಾ ಲ್ಯಾಂಗ್ ಎಂಬಾಕೆ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ, ತಾಯಿಯೊಬ್ಬಳ ಚಿತ್ರ ತೆಗೆದಳು. ಹೆಗಲಿಗೆ ಮುಖ ಮರೆಸಿಕೊಂಡ ಎರಡು ಮಕ್ಕಳು, ಮಡಿಲಲ್ಲಿ ಕೂಸು, ಗಲ್ಲಕ್ಕೆ ಕೈಯಿಟ್ಟು ಎಲ್ಲಿಯೋ ನೋಡುವ ಕಣ್ಣು. ಲೋಕದಲ್ಲಿ ಇದರಷ್ಟು ಪ್ರಸಿದ್ಧವಾದ ಚಿತ್ರಗಳು ಕಡಮೆ. ಪತ್ರಿಕೆಗಳಲ್ಲಿ ಬಿಡಾರದ ಸುದ್ದಿ ಬಂದೊಡನೆ ಸರಕಾರ ಇಪ್ಪತ್ತು ಸಾವಿರ ಪೌಂಡು ತೂಕದ ಆಹಾರವನ್ನು ಅಲ್ಲಿಗೆ ಕಳುಹಿಸಿತು. ಅಷ್ಟರಲ್ಲಿ ಆ ತಾಯಿ ಮಕ್ಕಳೊಡನೆ ಬೇರೆಡೆಗೆ ಹೊರಟುಹೋಗಿದ್ದಳು. ಲ್ಯಾಂಗ್ ಆಕೆಯ ವಯಸ್ಸನ್ನು ಬರೆದುಕೊಂಡಿದ್ದಳು, ಹೆಸರನ್ನಲ್ಲ. ೧೯೭೮ರಲ್ಲಿ, ನಲವತ್ತೆರಡು ವರ್ಷಗಳ ಮೇಲೆ, ಆಕೆ ಫ್ಲಾರೆನ್ಸ್ ಥಾಂಪ್ಸನ್ ಎಂದು ಗೊತ್ತಾಯಿತು. ತನ್ನ ಹೆಸರನ್ನು ಕೇಳಲಿಲ್ಲವೆಂದೂ, ಆ ಚಿತ್ರದಿಂದ ತನಗೆ ಬಿಡಿಗಾಸೂ ಬರಲಿಲ್ಲವೆಂದೂ ಆಕೆ ನೊಂದು ಹೇಳಿದಳು. ಹೂಪರನಿಗೂ ಲ್ಯಾಂಗಳಿಗೂ ಹೋಲಿಕೆ ಸಲ್ಲದು. ಲ್ಯಾಂಗಳ ಚಿತ್ರದಲ್ಲಿ ತಾಯಿ-ಮಕ್ಕಳ ಸಂಬಂಧವೇ ವಿಭಾವವಾಗಿ ನಿಂತು ಕರುಣ ತಾನಾಗಿ ಹುಟ್ಟುತ್ತದೆ. ಆದರೂ ಆ ಕರುಣದ ಒಡತಿ ನಲವತ್ತು ವರ್ಷ ಅನಾಮಿಕಳಾಗಿಯೇ ಇದ್ದಳು.

ಈಗ ೧೯೪೩ರ ಕಲಕತ್ತ. ಬಂಗಾಳದಲ್ಲಿ ಬರ, ಅದು ಮಳೆ ಮಾಡಿದ ಬರವೆನ್ನುವುದಕ್ಕಿಂತ ಯುದ್ಧವೂ ಬೆಲೆಗಳೂ ಸರಕಾರವೂ ಕೂಡಿ ಮಾಡಿದ ಬರವೆನ್ನಬೇಕು. ಸತ್ತವರು ಹದಿನೈದು ಲಕ್ಷವೆಂದು ೧೯೪೫ರ ವಿಚಾರಣಾ ಆಯೋಗ ಹೇಳಿತು. ಮೂವತ್ತು ಲಕ್ಷದಷ್ಟೆಂಬುದು ಆಮೇಲಿನ ವಿದ್ವಾಂಸರ ಲೆಕ್ಕ. ಸರಕಾರ ಕ್ಷಾಮವನ್ನು ಘೋಷಿಸಲೇ ಇಲ್ಲ. ಘೋಷಿಸಿದರೆ ಸಂಹಿತೆಯ ಹೊಣೆಗಳೆಲ್ಲ ಹೆಗಲೇರುತ್ತವಷ್ಟೆ! ಹಳ್ಳಿಗಳಿಂದ ಬಂದು ರಸ್ತೆಯಲ್ಲಿ ಸಾಯುತ್ತಿದ್ದವರಿಗೆ ‘ಅಸ್ವಸ್ಥ ನಿರ್ಗತಿಕರು’ ಎಂದು ಅಧಿಕಾರಿಗಳು ಹೆಸರಿಟ್ಟರು. ಯುದ್ಧಕಾಲದ ನಿರ್ಬಂಧಗಳಿಂದಾಗಿ ಪತ್ರಿಕೆಗಳಿಗೆ ‘ಕ್ಷಾಮ’ವೆಂಬ ಶಬ್ದವೇ ಬಾಯಿಗೆ ಬಾರದಂತಾಗಿತ್ತು.

‘ಸ್ಟೇಟ್ಸ್‌ಮನ್’ ಇಂಗ್ಲಿಷರ ಒಡೆತನದ ಪತ್ರಿಕೆ. ಸಂಪಾದಕರು ಇಯಾನ್ ಸ್ಟೀಫನ್ಸ್. ಮಾತಿಗೆ ಕಟ್ಟುಪಾಡಿದೆ, ಚಿತ್ರಗಳ ಪ್ರಸ್ತಾಪ ನಿಯಮಗಳಲ್ಲಿಲ್ಲ ಎಂಬುದನ್ನು ಅವರು ಗಮನಿಸಿದರು. ಛಾಯಾಗ್ರಾಹಕರನ್ನು ಬೀದಿಗೆ ಅಟ್ಟಿದರು. ಬಂದ ಪಟಗಳಲ್ಲಿ ಅನೇಕವು ಅಚ್ಚುಹಾಕಲಾರದಷ್ಟು ಘೋರ. ಅವುಗಳಲ್ಲಿ ಕೆಲವನ್ನು ಆರಿಸಿ ೧೯೪೩ರ ಆಗಸ್ಟ್ ೨೨ರ ಭಾನುವಾರದ ಸಂಚಿಕೆಯಲ್ಲಿ ಪ್ರಕಟಿಸಿದರು. ಮುಂದಿನ ಭಾನುವಾರ ಮತ್ತಷ್ಟು. ಕಾಲುದಾರಿಯ ಮೇಲೆ ಕುಸಿದ ಹೆಂಗಸರು, ಮಕ್ಕಳು. ಆ ಭಾನುವಾರದ ಬೆಳಗ್ಗೆ ಚಹಾದ ಜೊತೆಗೆ ಪತ್ರಿಕೆ ಬಿಡಿಸಿದ ಕಲಕತ್ತದ ದೊಡ್ಡ ಮನುಷ್ಯರಿಗೆ ಚಿತ್ರದ ಹಿನ್ನೆಲೆ ಯಾವುದೆಂದು ಯಾರೂ ಹೇಳಬೇಕಾಗಿರಲಿಲ್ಲ. ಅದು ಅವರ ನಗರ, ಹಿಂದಿನ ಸಂಜೆ ಅವರೇ ದಾಟಿಹೋಗಿದ್ದ ರಸ್ತೆ. ಅಲ್ಲಿ ಬಿದ್ದವರನ್ನು ಅವರು ಬರಿಗಣ್ಣಿನಿಂದ ನೋಡಿಯೂ ಇದ್ದರು! ಎದುರಿಗಿದ್ದಾಗ ಕಾಣದ್ದು ಕಾಗದದ ಮೇಲೆ ಕಂಡಿತು. ಇದು ಹೇಗೆಂದು ನನ್ನನ್ನು ಕೇಳಿದರೆ, ಬೀದಿಯಲ್ಲಿ ನಡೆಯುವವನು ಕಣ್ಣು ಹೊರಳಿಸಿ ಮುಂದೆ ಹೋಗಬಹುದು. ಪತ್ರಿಕೆಯಲ್ಲಿ ಅದೇ ದೃಶ್ಯ ಊರಿಗೆಲ್ಲ ಒಟ್ಟಿಗೆ ಕಾಣುತ್ತದೆ, ತಾನು ನೋಡಿಲ್ಲವೆನ್ನಲು ಯಾರಿಗೂ ಬಾಯಿ ಉಳಿಯುವುದಿಲ್ಲ. ಪತ್ರಿಕೆ ದಿಲ್ಲಿಗೂ ಹೋಯಿತು, ಸಮುದ್ರದಾಚೆಗೂ ಹೋಯಿತು. ಅಕ್ಟೋಬರಿನಲ್ಲಿ ಹೊಸ ವೈಸರಾಯ್ ವೇವೆಲ್ ಅಧಿಕಾರ ವಹಿಸಿದ ಕೆಲವೇ ದಿನಗಳಲ್ಲಿ ಕಲಕತ್ತೆಗೆ ಬಂದು, ಪರಿಹಾರದ ಕೆಲಸಕ್ಕೆ ಸೈನ್ಯವನ್ನು ತೊಡಗಿಸಿದರು. ಇದಕ್ಕೆ ಚಿತ್ರಗಳೇ ಕಾರಣವೆಂದರೆ ಅತ್ಯುಕ್ತಿಯಾದೀತು. ಚಿತ್ರಗಳಿಲ್ಲದಿದ್ದರೆ ಮೌನ ಇನ್ನೂ ಎಷ್ಟು ತಿಂಗಳು ನಡೆಯುತ್ತಿತ್ತೋ. ಈ ವೃತ್ತಾಂತವನ್ನು ಸ್ಟೀಫನ್ಸರು ೧೯೬೬ರಲ್ಲಿ ‘ಮಾನ್ಸೂನ್ ಮಾರ್ನಿಂಗ್’ ಎಂಬ ಪುಸ್ತಕದಲ್ಲಿ ತಾವೇ ಬರೆದಿಟ್ಟಿದ್ದಾರೆ.

ನಗರದ ಬೀದಿಯಿಂದ ಹಳ್ಳಿಯ ಅಂಗಳಕ್ಕೆ ಕ್ಯಾಮೆರಾವನ್ನು ಒಯ್ದವರಲ್ಲಿ ಸುನೀಲ್ ಜಾನಾ ದೊಡ್ಡ ಹೆಸರು. ೧೯೧೮ರಲ್ಲಿ ಹುಟ್ಟಿದ ಅವರಿಗೆ ಆಗ ಇಪ್ಪತ್ತೈದರ ಪ್ರಾಯ. ಇಂಗ್ಲಿಷ್ ಸಾಹಿತ್ಯದ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು, ಕಮ್ಯುನಿಸ್ಟ್ ನಾಯಕ ಪಿ. ಸಿ. ಜೋಶಿಯವರೊಡನೆ ಹೊರಟರು, ಜೊತೆಯಲ್ಲಿ ಚಿತ್ರಕಾರ ಚಿತ್ತಪ್ರಸಾದ. ಒಬ್ಬರ ಕೈಯಲ್ಲಿ ಕ್ಯಾಮೆರಾ, ಇನ್ನೊಬ್ಬರ ಕೈಯಲ್ಲಿ ಮಸಿಲೇಖನಿ. ಜಾನಾರ ಪಟಗಳು ಪಕ್ಷದ ವಾರಪತ್ರಿಕೆ ‘ಪೀಪಲ್ಸ್ ವಾರ್’ನಲ್ಲಿ ಬಂದವು, ನಿಧಿಸಂಗ್ರಹಕ್ಕಾಗಿ ಅಂಚೆಕಾರ್ಡುಗಳ ಮೇಲೂ ಅಚ್ಚಾದವು. ಅವುಗಳ ಹಿಂದೆ ರಾಜಕೀಯವಿತ್ತೆಂಬುದು ನಿಜ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಹೂಪರನ ಪಟಗಳ ಹಿಂದೆಯೂ ರಾಜಕೀಯವಿತ್ತು. ಅದು ತನ್ನನ್ನು ದಫ್ತರವೆಂದು ಕರೆದುಕೊಂಡಿತು, ಅಷ್ಟೆ.

ಜಾನಾರ ಹೊತ್ತಿಗೆ ಕ್ಯಾಮೆರಾ ಕೈಗೆ ಬಂದಿತ್ತು. ಡೇರೆ ಬೇಡ, ಮುಕ್ಕಾಲಿ ಬೇಡ. ಛಾಯಾಗ್ರಾಹಕ ಮಂಡಿಯೂರಿ ಕುಳಿತವರ ಮಟ್ಟಕ್ಕೆ ಇಳಿಯಬಹುದು. ಅವರ ಚಿತ್ರಗಳಲ್ಲಿ ಅನ್ನಕ್ಕಾಗಿ ನಿಂತ ಸಾಲುಗಳಿವೆ, ಬೀದಿಗೆ ಬಿದ್ದ ಸಂಸಾರಗಳಿವೆ. ಯಾರು ಯಾರನ್ನು ಆತುಕೊಂಡಿದ್ದಾರೆಂಬುದು ಕಾಣುತ್ತದೆ. ಸಾಯುತ್ತಿರುವವರಿಗೆ ನೀರು ಕೊಡುವುದನ್ನು ಬಿಟ್ಟು ಅವರ ಪಟ ತೆಗೆಯುವುದು ತಮಗೆ ಬಹಳ ಸಂಕಟದ ಕೆಲಸವಾಗಿತ್ತೆಂದು ಜಾನಾ ಮುಂದೆ ಹೇಳಿಕೊಂಡರು. ಆ ಸಂಕೋಚ ಪಟದೊಳಗೂ ಇಳಿದಿದೆಯೆಂದು ನನಗನ್ನಿಸುತ್ತದೆ. ೧೯೪೬ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಮಾರ್ಗರೆಟ್ ಬೋರ್ಕ್-ವೈಟ್ ಜೊತೆಯಲ್ಲಿ ಅವರು ಬರ ಕವಿದಿದ್ದ ದಕ್ಷಿಣ ಭಾರತಕ್ಕೂ ಬಂದರು. ಹೂಪರ್ ತಿರುಗಾಡಿದ್ದ ಸೀಮೆಗೆ ಎಪ್ಪತ್ತು ವರ್ಷಗಳ ಮೇಲೆ ಮತ್ತೆ ಕ್ಯಾಮೆರಾ ಬಂದದ್ದು ಹೀಗೆ.

ಹೂಪರನ ಪಟಗಳಿಗೆ ವಿಭಾವವನ್ನು ಈಗ ತುಂಬುವುದು ಸಾಧ್ಯವೆ? ಒಂದಷ್ಟು ಸಾಧ್ಯ. ಪಟದ ಪಕ್ಕದಲ್ಲಿ ಟೆಂಪಲ್ಲರ ಒಂದು ಪೌಂಡಿನ ಲೆಕ್ಕವನ್ನು, ಕಾರ್ನಿಷರ ವಾದವನ್ನು, ಎರಡು ಜನಗಣತಿಗಳನ್ನು ಇಟ್ಟು ನೋಡಬೇಕು. ಬರಪರಿಹಾರದ ಕೂಲಿಗಳು ಮಣ್ಣುಕೆಲಸ ಮಾಡಿದ ಬೆಂಗಳೂರು-ಮೈಸೂರು ರೈಲುದಾರಿಯನ್ನೂ ಇಡಬೇಕು. ಕೋಲಾರ, ತುಮಕೂರು, ಚಿತ್ರದುರ್ಗ, ಬಳ್ಳಾರಿ ಸೀಮೆಗಳ ಮನೆಗಳಲ್ಲಿ ಆ ಬರದ ಮಾತು ನಾಲ್ಕಾರು ತಲೆಮಾರು ಇಳಿದು ಇನ್ನೂ ಅಲ್ಲಲ್ಲಿ ಉಳಿದಿದೆ. ಯಾವ ಹೊಲ ಯಾರ ಪಾಲಾಯಿತು, ಯಾರು ಊರು ಬಿಟ್ಟರು, ಯಾವ ಮಗುವನ್ನು ಯಾರ ಮನೆಯಲ್ಲಿ ಬಿಟ್ಟು ಹೋದರು ಎಂಬಂಥ ಸಂಗತಿಗಳು. ನನ್ನ ವಿದ್ಯಾರ್ಥಿಗಳಲ್ಲಿ ಆ ಕಡೆಯಿಂದ ಬಂದವರಿಗೆ ರಜೆಯಲ್ಲಿ ಊರಿಗೆ ಹೋದಾಗ ಇದನ್ನು ಕೇಳಿ ಬರೆದುಕೊಂಡು ಬನ್ನಿರೆಂದು ಹೇಳಿದ್ದೇನೆ. ಹೋದ ಬೇಸಗೆಯಲ್ಲಿ ಒಬ್ಬಳು ಹುಡುಗಿ ಎರಡು ಪುಟ ಬರೆದು ತಂದಳು. ಅದರಲ್ಲಿ ನಾಲ್ಕು ಹೆಸರುಗಳಿದ್ದವು.